ದ್ವಿಚಕ್ರ ವಾಹನ ವಿಮೆ (ಭಾರತ)

ಬೈಕು, ಸ್ಕೂಟರು, ಮೊಪೆಡ್ಡುಗಳಿಂದ ಇತರರಿಗೆ ಆಗುವ ಹಾನಿ, ಆ ವಾಹನಕ್ಕೇ ತಗಲುವ ನಷ್ಟ, ಅದನ್ನು ಓಡಿಸುವ ಮಾಲೀಕನ ಸಾವು ಅಥವಾ ಅಂಗವೈಕಲ್ಯ ಇವು ಮೂರಕ್ಕೂ ಹಣದ ಪರಿಹಾರ ಒದಗಿಸುವ ಒಪ್ಪಂದವೇ ದ್ವಿಚಕ್ರ ವಾಹನ ವಿಮೆ. ಇವುಗಳಲ್ಲಿ ಇತರರಿಗೆ ಆಗುವ ಹಾನಿಯ ವಿಮೆಯನ್ನು ಭಾರತದ ಕಾನೂನು ಪ್ರತಿ ವಾಹನಕ್ಕೂ ಕಡ್ಡಾಯ ಮಾಡಿದೆ. ಆಡುಮಾತಿನಲ್ಲಿ ಇದು ‘ಥರ್ಡ್ ಪಾರ್ಟಿ’. ವಾಹನದ ನಷ್ಟವನ್ನೂ ಸೇರಿಸಿಕೊಂಡ ಪಾಲಿಸಿಗೆ ಜನ ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ, ಅಂದರೆ ನೂರಕ್ಕೆ ಸುಮಾರು 44 ಮಂದಿ, ದ್ವಿಚಕ್ರ ವಾಹನದಲ್ಲಿದ್ದವರು. ಕಾರಿನಲ್ಲಿ ಕುಳಿತವರ ಸುತ್ತ ತಗಡಿನ ಗೋಡೆಯಿದೆ, ಸೀಟು ಬೆಲ್ಟಿದೆ. ಬೈಕಿನಲ್ಲಿ ಹೊಡೆತವೆಲ್ಲ ಮೈಮೇಲೆಯೇ. ಹೀಗಾಗಿ ದ್ವಿಚಕ್ರ ವಾಹನದ ವಿಮೆಯನ್ನು ಆರಿಸುವಾಗ ಗಾಡಿಗಿಂತ ಮೊದಲು ನೋಡಬೇಕಾದದ್ದು ಸವಾರನ ಜೀವ ಮತ್ತು ಅವನನ್ನು ನಂಬಿದ ಮನೆ. ಕಾನೂನು ಕಡ್ಡಾಯ ಮಾಡಿರುವುದು ಪ್ರಧಾನವಾಗಿ ಇತರರ ರಕ್ಷಣೆಯನ್ನು. ಸವಾರನಿಗೆ ಎಷ್ಟು ರಕ್ಷಣೆ ಸಾಕು ಎಂಬುದನ್ನು ಅವನೇ ಲೆಕ್ಕ ಹಾಕಿಕೊಳ್ಳಬೇಕು.

ಇತಿಹಾಸ

ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿತು. ಅದೇ ಜಾಡಿನಲ್ಲಿ ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂದಿತು. ಆದರೆ ಅದರ ವಿಮೆಯ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ಈಗ ನಡೆಯುತ್ತಿರುವ 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ವಿಮೆಯಿಲ್ಲದೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸಕೂಡದು ಎನ್ನುವುದು ಅದರ 146ನೇ ಕಲಮು. ಆ ವಿಮೆ ಯಾವ ಹೊಣೆಗಳನ್ನು ಹೊರಬೇಕೆಂದು ಹೇಳುವುದು 147ನೇ ಕಲಮು.

ಸಾಮಾನ್ಯ ವಿಮಾ ಕಂಪನಿಗಳು 1973ರ ಜನವರಿ 1ರಂದು ರಾಷ್ಟ್ರೀಕರಣಗೊಂಡು ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಾದವು. 1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ) ರೂಪುಗೊಂಡು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ವಾಹನದ ಸ್ವಂತ ಹಾನಿಯ ದರ 2007ರ ಜನವರಿ 1ರಿಂದ ಕಂಪನಿಗಳ ಕೈಗೆ ಬಂದಿತು. ಮೂರನೇ ವ್ಯಕ್ತಿಯ ವಿಮೆಯ ದರ ಮಾತ್ರ ಈಗಲೂ ಸರ್ಕಾರದ ಅಧಿಸೂಚನೆಯಂತೆಯೇ ನಡೆಯುತ್ತದೆ.

ಕೊಂಡ ವರ್ಷ ವಿಮೆ ಕಟ್ಟಿ ಮುಂದೆ ಅದನ್ನು ಕೈಬಿಡುವುದು ದ್ವಿಚಕ್ರ ವಾಹನಗಳಲ್ಲಿ ಹಳೆಯ ರೂಢಿ. ಇದನ್ನು ತಡೆಯಲು ಸುಪ್ರೀಂ ಕೋರ್ಟು 2018ರ ಜುಲೈನಲ್ಲಿ ಆದೇಶ ನೀಡಿತು. ಅದರಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ 5 ವರ್ಷದ ಮೂರನೇ ವ್ಯಕ್ತಿಯ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕಾಯಿತು. 2019ರ ತಿದ್ದುಪಡಿ ಕಾಯ್ದೆ ದಂಡಗಳನ್ನು ಏರಿಸಿತು. ಅದರ ವಿಮೆ ಮತ್ತು ಪರಿಹಾರದ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಪಾಲಿಸಿಯ ಬಗೆಗಳು

ಮಾರುಕಟ್ಟೆಯಲ್ಲಿ ಮೂರು ಬಗೆಯ ಪಾಲಿಸಿಗಳಿವೆ. ಹೊಣೆಗಾರಿಕೆ ಪಾಲಿಸಿ ಇತರರಿಗೆ ಆದ ಹಾನಿಯನ್ನಷ್ಟೇ ಭರಿಸುತ್ತದೆ. ಪ್ಯಾಕೇಜ್ ಪಾಲಿಸಿಯಲ್ಲಿ ಅದರ ಜೊತೆಗೆ ವಾಹನದ ಸ್ವಂತ ಹಾನಿ ಮತ್ತು ಕಳವು ಸೇರುತ್ತವೆ. ಮೂರನೇ ವ್ಯಕ್ತಿಯ ವಿಮೆ ಮೊದಲೇ ಇರುವವರು ಸ್ವಂತ ಹಾನಿಯ ವಿಮೆಯೊಂದನ್ನೇ ಪ್ರತ್ಯೇಕವಾಗಿ ಕೊಳ್ಳಬಹುದು. ಇದು 2019ರ ಸೆಪ್ಟೆಂಬರಿನಿಂದ ಸಿಗುತ್ತಿದೆ, ಬೇರೆ ಕಂಪನಿಯಿಂದಲೂ ಪಡೆಯಬಹುದು.

ಹೊಸ ಗಾಡಿಗೆ ಷೋರೂಮಿನಲ್ಲಿ ಸಾಮಾನ್ಯವಾಗಿ ಕೊಡುವುದು ‘ಒನ್ ಪ್ಲಸ್ ಫೈವ್’ ಪಾಲಿಸಿ. ಇದರಲ್ಲಿ ಸ್ವಂತ ಹಾನಿಗೆ 1 ವರ್ಷ, ಮೂರನೇ ವ್ಯಕ್ತಿಯ ಹೊಣೆಗೆ 5 ವರ್ಷ. ಬಹಳ ಜನ ಎಡವುವುದು ಇಲ್ಲೇ. ‘ಐದು ವರ್ಷ ಇನ್ಶೂರೆನ್ಸ್ ಇದೆ’ ಎಂಬ ಮಾತಿನ ಭರವಸೆಯಲ್ಲಿ ಮೊದಲ ವರ್ಷ ಕಳೆದ ಮೇಲೆ ಪಾಲಿಸಿಯ ಹಾಳೆಯನ್ನು ಯಾರೂ ತೆರೆಯುವುದಿಲ್ಲ. ಎರಡನೆಯ ವರ್ಷ ಗಾಡಿ ಕಳುವಾದಾಗ ಪೊಲೀಸರಿಗೆ ತೋರಿಸಲು ವಿಮೆ ಇರುತ್ತದೆ, ಗಾಡಿಯ ಬೆಲೆ ಕೊಡುವ ವಿಮೆ ಮುಗಿದುಹೋಗಿರುತ್ತದೆ.

ಮೂರನೇ ವ್ಯಕ್ತಿಯ ಹೊಣೆ

ಈ ಒಪ್ಪಂದದಲ್ಲಿ ಮೊದಲ ವ್ಯಕ್ತಿ ವಾಹನದ ಮಾಲೀಕ, ಎರಡನೆಯದು ವಿಮಾ ಕಂಪನಿ. ವಾಹನದಿಂದ ಹಾನಿಗೊಳಗಾದ ಪಾದಚಾರಿ, ಸೈಕಲ್ ಸವಾರ, ಇನ್ನೊಂದು ವಾಹನದಲ್ಲಿದ್ದವರು ಮೂರನೇ ವ್ಯಕ್ತಿಗಳು. ಅವರ ಸಾವು ಅಥವಾ ಗಾಯಕ್ಕೆ ಕಂಪನಿ ಕೊಡಬೇಕಾದ ಹಣಕ್ಕೆ ಮಿತಿಯಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಗೊತ್ತುಮಾಡಿದಷ್ಟನ್ನೂ ಕೊಡಬೇಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ನ್ಯಾಯಮಂಡಳಿಯ ಕೆಲಸ ಮಾಡುತ್ತಾರೆ. ಇತರರ ಆಸ್ತಿಯ ನಷ್ಟಕ್ಕೆ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ 1 ಲಕ್ಷ ರೂಪಾಯಿಯ ಮಿತಿಯಿದೆ. ತುಸು ರಿಯಾಯಿತಿಗಾಗಿ ಇದನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವೂ ಇದೆ. ಕಾರಿನ ಒಂದು ಬಾಗಿಲಿನ ದುರಸ್ತಿಗೇ 6,000 ಸಾಲದ ಈ ಕಾಲದಲ್ಲಿ ಅಂಥ ಉಳಿತಾಯ ಬುದ್ಧಿವಂತಿಕೆಯಲ್ಲ.

ಪರಿಹಾರದ ಲೆಕ್ಕಕ್ಕೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಸೂತ್ರ ಕೊಟ್ಟಿದೆ. ಒಂದು ಉದಾಹರಣೆ ನೋಡಬಹುದು. ತಿಂಗಳಿಗೆ 25,000 ರೂಪಾಯಿ ದುಡಿಯುತ್ತಿದ್ದ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ 30 ವರ್ಷದ ಸ್ವಂತ ಉದ್ಯೋಗಿಯೊಬ್ಬ ಅಪಘಾತದಲ್ಲಿ ಸತ್ತನೆಂದುಕೊಳ್ಳೋಣ. ಅವನ ವರ್ಷದ ಆದಾಯ 3,00,000. ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಗೆಂದು ಶೇಕಡ 40 ಸೇರಿಸಿದರೆ 4,20,000. ಅವನ ಸ್ವಂತ ಖರ್ಚಿನ ಬಾಬ್ತು ಮೂರನೇ ಒಂದು ಭಾಗ ಕಳೆದರೆ 2,80,000. ಅವನ ವಯಸ್ಸಿಗೆ ಗೊತ್ತುಮಾಡಿದ ಗುಣಕ 17ರಿಂದ ಗುಣಿಸಿದರೆ 47,60,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬ್ತುಗಳು ಇದಕ್ಕೆ ಸೇರುತ್ತವೆ. ತಪ್ಪು ಬೈಕಿನ ಸವಾರನದೇ ಆಗಿದ್ದು ವಿಮೆ ಇರದಿದ್ದರೆ ಈ ಹಣ ಅವನ ಮನೆ, ಜಮೀನು, ಸಂಬಳಗಳಿಂದಲೇ ಹುಟ್ಟಬೇಕು.

ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಗೆ ಹೋಗದವರಿಗೆ 164ನೇ ಕಲಮು ಬೇರೊಂದು ದಾರಿ ತೋರುತ್ತದೆ. ಅದರಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ವಿಮೆಯಿಲ್ಲದೆ ವಾಹನ ಓಡಿಸಿದವರಿಗೆ 196ನೇ ಕಲಮಿನಂತೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಆದರೂ ರಸ್ತೆಯಲ್ಲಿರುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯಿಲ್ಲ ಎಂಬುದನ್ನು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2024ರಲ್ಲಿ ಎತ್ತಿ ಹೇಳಿತು. ಇದರ ಪೆಟ್ಟು ಸವಾರನಿಗೂ ಬೀಳುತ್ತದೆ. ಅವನಿಗೆ ಗುದ್ದಿದ ವಾಹನಕ್ಕೆ ವಿಮೆಯಿಲ್ಲದಿದ್ದರೆ ನ್ಯಾಯಮಂಡಳಿಯ ತೀರ್ಪು ಕೈಯಲ್ಲಿದ್ದರೂ ಹಣ ವಸೂಲಾಗುವುದು ಕಷ್ಟ.

ಸವಾರನ ಅಪಘಾತ ವಿಮೆ

ಮೂರನೇ ವ್ಯಕ್ತಿಯ ವಿಮೆಯಿಂದ ಸವಾರನಿಗೆ ಏನೂ ಸಿಗುವುದಿಲ್ಲ. ಇನ್ನೊಬ್ಬರ ತಪ್ಪಿನಿಂದ ಗಾಯಗೊಂಡರೆ ಅವರ ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು. ಆದರೆ ಎಷ್ಟೋ ಬೈಕುಗಳು ಬೀಳುವುದು ಯಾರೂ ಗುದ್ದದೆ. ರಸ್ತೆಗುಂಡಿ, ಬಣ್ಣ ಮಾಸಿದ ಹಂಪು, ಅಡ್ಡ ಬಂದ ನಾಯಿ ಅಥವಾ ಕಾಡುಹಂದಿ, ತಿರುವಿನಲ್ಲಿ ಚೆಲ್ಲಿದ ಜಲ್ಲಿ, ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿದ ಹುರುಳಿ ಇವುಗಳಿಂದ ಜಾರಿ ಬಿದ್ದವರಿಗೆ ಎದುರು ಪಕ್ಷವೇ ಇರುವುದಿಲ್ಲ. ಅಂಥ ಹೊತ್ತಿಗೆ ಒದಗುವುದು ವೈಯಕ್ತಿಕ ಅಪಘಾತ ವಿಮೆ ಒಂದೇ.

ದ್ವಿಚಕ್ರ ವಾಹನದ ಮಾಲೀಕ-ಸವಾರನಿಗೆ ಮೊದಲು ಈ ವಿಮೆಯ ಮೊತ್ತ 1 ಲಕ್ಷ ರೂಪಾಯಿ ಇತ್ತು. ಮದ್ರಾಸ್ ಹೈಕೋರ್ಟಿನ ಆದೇಶದ ಬೆನ್ನಲ್ಲೇ ಪ್ರಾಧಿಕಾರ 2018ರ ಸೆಪ್ಟೆಂಬರಿನಲ್ಲಿ ಇದನ್ನು 15 ಲಕ್ಷಕ್ಕೆ ಏರಿಸಿತು. ಸಾವು, ಎರಡು ಅವಯವ ಅಥವಾ ಎರಡೂ ಕಣ್ಣುಗಳ ನಷ್ಟ, ಶಾಶ್ವತವಾದ ಪೂರ್ಣ ಅಂಗವೈಕಲ್ಯ ಇವುಗಳಿಗೆ ಪೂರ್ತಿ ಮೊತ್ತ ಸಿಗುತ್ತದೆ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಅಪಘಾತವಾದ 6 ತಿಂಗಳೊಳಗೆ ಈ ಪರಿಣಾಮ ಕಂಡಿರಬೇಕು. 15 ಲಕ್ಷದ ಅಪಘಾತ ವಿಮೆ ಬೇರೆ ಕಡೆ ಇರುವವರು ಇದನ್ನು ಮತ್ತೆ ಕೊಳ್ಳಬೇಕಿಲ್ಲ. ಒಬ್ಬರ ಹೆಸರಿನಲ್ಲಿ ಎರಡು ಮೂರು ವಾಹನಗಳಿದ್ದರೂ ಒಂದೇ ಸಾಕು.

ಈ ವಿಮೆಗೆ ಮೂರು ಕಟ್ಟುಪಾಡುಗಳಿವೆ. ಮೊದಲನೆಯದು, ಇದು ಆಸ್ಪತ್ರೆಯ ಬಿಲ್ಲನ್ನು ಕೊಡುವುದಿಲ್ಲ. ತೊಡೆಯ ಮೂಳೆ ಮುರಿದು ರಾಡು ಹಾಕಿಸಿಕೊಂಡು ನಾಲ್ಕು ತಿಂಗಳು ಮಲಗಿ ಎದ್ದವನಿಗೆ ಇದರಿಂದ ಒಂದು ಪೈಸೆಯೂ ಬಾರದು, ಅದಕ್ಕೆ ಆರೋಗ್ಯ ವಿಮೆ ಬೇಕು. ಎರಡನೆಯದು, ಸವಾರನ ಬಳಿ ಆ ವಾಹನಕ್ಕೆ ತಕ್ಕ ಚಾಲನಾ ಪರವಾನಗಿ (ಡಿಎಲ್) ಇರಬೇಕು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ರಕ್ಷಣೆ ಸಿಗುವುದು ನೋಂದಣಿ ಪತ್ರದಲ್ಲಿ (ಆರ್‌ಸಿ) ಹೆಸರಿರುವ ಮಾಲೀಕನಿಗೆ ಮಾತ್ರ. ನಮ್ಮ ಮನೆಗಳಲ್ಲಿ ಗಾಡಿ ಅಪ್ಪನ ಹೆಸರಿನಲ್ಲಿರುತ್ತದೆ, ದಿನವೂ ಓಡಿಸುವವನು ಮಗ. ಸ್ಕೂಟರು ಗಂಡನ ಹೆಸರಿನಲ್ಲಿರುತ್ತದೆ, ಮಕ್ಕಳನ್ನು ಶಾಲೆಗೆ ಬಿಡುವವಳು ಹೆಂಡತಿ. ಬಿದ್ದವರು ಮಗನೋ ಹೆಂಡತಿಯೋ ಆದರೆ ಆ 15 ಲಕ್ಷ ಅವರಿಗೆ ಸೇರುವುದಿಲ್ಲ.

ಎರವಲು ಪಡೆದ ಗಾಡಿಯ ವಿಚಾರದಲ್ಲಿ ದಾರಿ ಇನ್ನೂ ಇಕ್ಕಟ್ಟು. ಗೆಳೆಯನ ಬೈಕು ತೆಗೆದುಕೊಂಡು ಇಳಕಲ್ಲಿನಿಂದ ಗುಡೂರಿಗೆ ಹೊರಟವನೊಬ್ಬ ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಗುದ್ದಿ ಸತ್ತ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಾಡಿಯನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅವನ ವಾರಸುದಾರರು ಅದೇ ವಾಹನದ ವಿಮಾ ಕಂಪನಿಯಿಂದ ಆಗ ಜಾರಿಯಲ್ಲಿದ್ದ 163-ಎ ಕಲಮಿನಡಿ ಪರಿಹಾರ ಕೇಳಲಾಗದು ಎಂದು ಕೋರ್ಟು 2009ರಲ್ಲಿ ಹೇಳಿತು. ಹೀಗಾಗಿ ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ, ವಾಹನಕ್ಕೆ ಅಂಟದೆ ವ್ಯಕ್ತಿಗೇ ಅಂಟಿಕೊಂಡ ಪ್ರತ್ಯೇಕ ಅಪಘಾತ ವಿಮೆ ಇರುವುದು ಕ್ಷೇಮ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ ಇದರ ಮೊದಲ ಮೆಟ್ಟಿಲು. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ.

ಅಪಘಾತವಾದ ಕೂಡಲೇ ಬೇಕಾಗುವ ಚಿಕಿತ್ಸೆಗೆ ಸರ್ಕಾರದ ನೆರವೂ ಇದೆ. ಕರ್ನಾಟಕ ಸರ್ಕಾರ 2016ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಗೊತ್ತುಮಾಡಿತ್ತು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆಗೆ ಅವಕಾಶವಿದೆ.

ಹಿಂಬದಿ ಸವಾರ

ಹಿಂದೆ ಕುಳಿತವರು ಮೂರನೇ ವ್ಯಕ್ತಿಯೇ ಎಂಬ ಪ್ರಶ್ನೆ ಬಹುಕಾಲ ನ್ಯಾಯಾಲಯಗಳನ್ನು ಕಾಡಿತು. ಬಾಡಿಗೆ ಕೊಡದೆ ಹಿಂದೆ ಕುಳಿತವರಿಗೆ ಬರೀ ಹೊಣೆಗಾರಿಕೆ ಪಾಲಿಸಿಯಿಂದ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿತು. ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರನ ಹೊಣೆಯೂ ಸೇರಿದೆ ಎಂದು ಪ್ರಾಧಿಕಾರ 2009ರ ಸುತ್ತೋಲೆಗಳಲ್ಲಿ ಸ್ಪಷ್ಟಪಡಿಸಿತು, 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಾಡಿ ಹಳೆಯದಾಯಿತು, ಥರ್ಡ್ ಪಾರ್ಟಿ ಒಂದೇ ಸಾಕು ಎನ್ನುವವರು ತಮ್ಮ ಹಿಂದೆ ಯಾರು ಕೂರುತ್ತಾರೆಂದು ನೆನೆಯಬೇಕು. ಕೂರುವವರು ಹೆಂಡತಿ, ತಾಯಿ, ಮಕ್ಕಳೇ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಹಿಂಬದಿ ಸವಾರರಿಗೆಂದೇ ಅಪಘಾತ ವಿಮೆ ಸೇರಿಸಿಕೊಳ್ಳಲೂ ಬರುತ್ತದೆ.

ಹೆಲ್ಮೆಟ್ ಧರಿಸದಿದ್ದದ್ದು ಗಾಯವನ್ನು ಹೆಚ್ಚಿಸಿತೆಂದು ಸಾಬೀತಾದರೆ ನ್ಯಾಯಮಂಡಳಿ ಪರಿಹಾರದಲ್ಲಿ ಒಂದು ಪಾಲನ್ನು ಕಡಿತ ಮಾಡಬಹುದು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಒಂದು ಬೈಕಿನಲ್ಲಿ ಮೂವರು ಹೋಗುವುದು ಕಾನೂನು ಉಲ್ಲಂಘನೆ. ಆದರೂ ಅಪಘಾತಕ್ಕೂ ಅದಕ್ಕೂ ನಂಟಿಲ್ಲದಿದ್ದರೆ ಆ ಒಂದೇ ಕಾರಣಕ್ಕೆ ಪರಿಹಾರ ಕಡಿತ ಮಾಡಕೂಡದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ವಾಹನದ ಸ್ವಂತ ಹಾನಿ

ಅಪಘಾತ, ಬೆಂಕಿ, ಸಿಡಿಲು, ಕಳವು, ಗಲಭೆ, ಭೂಕಂಪ, ನೆರೆ, ಬಿರುಗಾಳಿ, ಭೂಕುಸಿತ, ಲಾರಿ ಅಥವಾ ರೈಲಿನಲ್ಲಿ ಸಾಗಿಸುವಾಗಿನ ಹಾನಿ ಇವೆಲ್ಲ ಈ ಭಾಗದಲ್ಲಿ ಬರುತ್ತವೆ. ಸವೆತ, ಯಂತ್ರ ತಾನಾಗಿ ಕೆಟ್ಟುಹೋಗುವುದು ಬರುವುದಿಲ್ಲ. ಬಿಡಿಭಾಗಗಳ ಕಳವಿಗೂ ಒಂದು ಕಟ್ಟುಪಾಡಿದೆ: ಗಾಡಿಯೇ ಕಳುವಾದರೆ ಅದಕ್ಕೆ ಜೋಡಿಸಿದ ಸಾಮಾನುಗಳಿಗೂ ಪರಿಹಾರ ಉಂಟು. ಗಾಡಿ ಅಲ್ಲೇ ಇದ್ದು ಸೈಡ್ ಬಾಕ್ಸ್ ಮಾತ್ರ ಹೋದರೆ ಇಲ್ಲ.

ವಾಹನಕ್ಕೆ ಸಿಗುವ ಗರಿಷ್ಠ ಮೊತ್ತವೇ ವಿಮೆ ಮಾಡಿದ ಘೋಷಿತ ಮೌಲ್ಯ, ಎಲ್ಲರ ಬಾಯಲ್ಲಿ ‘ಐಡಿವಿ’. ತಯಾರಕರ ಮಾರಾಟ ಬೆಲೆಯಿಂದ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ನಿಗದಿ ಮಾಡುತ್ತಾರೆ. 6 ತಿಂಗಳವರೆಗೆ ಶೇಕಡ 5, 1 ವರ್ಷದವರೆಗೆ 15, 2 ವರ್ಷದವರೆಗೆ 20, 3 ವರ್ಷದವರೆಗೆ 30, 4 ವರ್ಷದವರೆಗೆ 40, 5 ವರ್ಷದವರೆಗೆ 50. ಅದಕ್ಕಿಂತ ಹಳೆಯ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳುತ್ತಾರೆ. ದುರಸ್ತಿ ಖರ್ಚು ಐಡಿವಿಯ ಶೇಕಡ 75ನ್ನು ಮೀರಿದರೆ ಗಾಡಿ ಪೂರ್ಣ ನಷ್ಟವೆಂದು ಎಣಿಕೆಯಾಗುತ್ತದೆ. ಐಡಿವಿ ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ಗಾಡಿ ಕಳುವಾದ ದಿನ ಕೈಗೆ ಬರುವ ಹಣವೂ ಇಳಿಯುತ್ತದೆ.

ಭಾಗಶಃ ಹಾನಿಯಾದಾಗ ಬದಲಿಸಿದ ಭಾಗಗಳಿಗೂ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಶೇಕಡ 50, ಫೈಬರ್ ಗ್ಲಾಸಿಗೆ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಪ್ರಕಾರ. ಮೂರೂವರೆ ವರ್ಷದ ಸ್ಕೂಟರೊಂದು ಬಿದ್ದು 8,000 ರೂಪಾಯಿಯ ಪ್ಲಾಸ್ಟಿಕ್ ಪ್ಯಾನೆಲ್‌ಗಳು, 4,000 ರೂಪಾಯಿಯ ಲೋಹದ ಭಾಗಗಳು ಹೋದವೆನ್ನಿ. ಪ್ಲಾಸ್ಟಿಕ್ಕಿಗೆ 4,000, ಲೋಹಕ್ಕೆ ಶೇಕಡ 25 ಕಳೆದು 3,000. ಈ 7,000ದಲ್ಲಿ ಕಡ್ಡಾಯ ಕಡಿತ 100 ಹೋಗಿ ಕಂಪನಿ ಕೊಡುವುದು 6,900. ಉಳಿದ 5,100 ಮಾಲೀಕನದು.

ಹೆಚ್ಚುವರಿ ಪ್ರೀಮಿಯಂ ಕಟ್ಟಿ ಈ ಅಂತರವನ್ನು ತುಂಬಿಕೊಳ್ಳುವ ಆಡ್-ಆನ್‌ಗೆ ‘ಝೀರೋ ಡೆಪ್’ ಅಥವಾ ‘ಬಂಪರ್ ಟು ಬಂಪರ್’ ಎನ್ನುತ್ತಾರೆ. ಮೈತುಂಬ ಪ್ಲಾಸ್ಟಿಕ್ ಹೊದ್ದ ಸ್ಕೂಟರುಗಳಿಗೆ ಮೊದಲ ಕೆಲವು ವರ್ಷ ಇದು ಸಾರ್ಥಕ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಅತಿ ದುಬಾರಿ ಭಾಗ ಬ್ಯಾಟರಿಯೇ. ಅದಕ್ಕೆ ಅರ್ಧ ಸವಕಳಿ ಕಳೆದರೆ ದೊಡ್ಡ ಹೊರೆ ಬೀಳುತ್ತದೆ. ಆದ್ದರಿಂದ ಆಡ್-ಆನ್ ಬ್ಯಾಟರಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಬೇಕು. ನೀರು ನುಗ್ಗಿದ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ, ಅದು ಮುಂದುವರಿದ ನಷ್ಟವೆಂದು ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗದಿರಬಹುದು. ಮಳೆಗಾಲದಲ್ಲಿ ಅಂಡರ್‌ಪಾಸುಗಳು ತುಂಬುವ ಬೆಂಗಳೂರಿನಂಥ ಊರಿನಲ್ಲಿ ಎಂಜಿನ್ ರಕ್ಷಣೆಯ ಆಡ್-ಆನ್ ಉಪಯೋಗಕ್ಕೆ ಬರುತ್ತದೆ. ಹೊಸ ಗಾಡಿ ಕಳುವಾದರೆ ಬಿಲ್ಲಿನ ಬೆಲೆಯನ್ನೇ ಕೊಡುವ ಆಡ್-ಆನ್ ಸಾಲದಲ್ಲಿ ಗಾಡಿ ಕೊಂಡವರಿಗೆ ಅನುಕೂಲ.

ಪ್ರೀಮಿಯಂ

ಮೂರನೇ ವ್ಯಕ್ತಿಯ ಪ್ರೀಮಿಯಂ ಎಂಜಿನ್ನಿನ ಗಾತ್ರದ ಮೇಲೆ ನಿಂತಿದೆ, ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ವಾರ್ಷಿಕ ದರಗಳು ಹೀಗಿವೆ:

- 75 ಸಿಸಿವರೆಗೆ: 538 ರೂ.
- 75ರಿಂದ 150 ಸಿಸಿ: 714 ರೂ.
- 150ರಿಂದ 350 ಸಿಸಿ: 1,366 ರೂ.
- 350 ಸಿಸಿಗಿಂತ ಹೆಚ್ಚು: 2,804 ರೂ.

ಹೊಸ ವಾಹನಕ್ಕೆ 5 ವರ್ಷದ ದರ ಇದೇ ಕ್ರಮದಲ್ಲಿ 2,901, 3,851, 7,365 ಮತ್ತು 15,117 ರೂಪಾಯಿ. ಎಲೆಕ್ಟ್ರಿಕ್ ವಾಹನಗಳಿಗೆ ಶೇಕಡ 15ರ ರಿಯಾಯಿತಿಯಿದ್ದು 3 ಕಿಲೋವ್ಯಾಟ್‌ವರೆಗೆ 457, 3ರಿಂದ 7 ಕಿಲೋವ್ಯಾಟ್‌ಗೆ 607 ರೂಪಾಯಿ. ಇವುಗಳ ಮೇಲೆ ಶೇಕಡ 18 ಜಿಎಸ್‌ಟಿ ಬೀಳುತ್ತದೆ. ಸ್ಪ್ಲೆಂಡರ್, ಆ್ಯಕ್ಟಿವಾದಂಥ ಗಾಡಿಗಳು 714ರ ವರ್ಗದಲ್ಲಿವೆ. ತೆರಿಗೆ ಸೇರಿಸಿದರೂ ದಿನಕ್ಕೆ ಎರಡೂವರೆ ರೂಪಾಯಿ ಆಗದು. 349 ಸಿಸಿಯ ಬುಲೆಟ್ಟು 1,366ರ ವರ್ಗಕ್ಕೆ ಸೇರಿದರೆ 452 ಸಿಸಿಯ ಹಿಮಾಲಯನ್ 2,804ರ ವರ್ಗಕ್ಕೆ ಹೋಗುತ್ತದೆ.

ಸ್ವಂತ ಹಾನಿಯ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ ‘ಎನ್‌ಸಿಬಿ’ ಎಂಬ ರಿಯಾಯಿತಿ ಕ್ರಮವಾಗಿ ಶೇಕಡ 20, 25, 35, 45, 50 ಎಂದು ಏರುತ್ತದೆ. ಇದು ಸ್ವಂತ ಹಾನಿಯ ಭಾಗಕ್ಕೆ ಮಾತ್ರ. ಗಾಡಿ ಮಾರಿದರೂ ಎನ್‌ಸಿಬಿ ಮಾಲೀಕನ ಜೊತೆಗೇ ಉಳಿದು ಅವನ ಮುಂದಿನ ಗಾಡಿಗೆ ಒದಗುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಕಳೆದುಹೋಗುತ್ತದೆ. ಒಂದು ಇಂಡಿಕೇಟರ್ ಒಡೆದದ್ದಕ್ಕೆ ಕ್ಲೇಮು ಮಾಡುವ ಮೊದಲು, ಸಿಗುವ ಹಣ ಹೆಚ್ಚೋ ಕೈತಪ್ಪುವ ಎನ್‌ಸಿಬಿ ಹೆಚ್ಚೋ ಎಂದು ತೂಗಿ ನೋಡಬೇಕು.

ರಕ್ಷಣೆ ಕೈತಪ್ಪುವ ಸಂದರ್ಭಗಳು

ಡಿಎಲ್ ಇಲ್ಲದವರು ಓಡಿಸಿದರೆ ಸ್ವಂತ ಹಾನಿಗೆ ಪರಿಹಾರವಿಲ್ಲ. ಹಾನಿಗೊಳಗಾದ ಮೂರನೇ ವ್ಯಕ್ತಿಗೆ ಕಂಪನಿ ಮೊದಲು ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2004ರ ತೀರ್ಪಿನಲ್ಲಿ ವಿವರಿಸಿದೆ. ಸಂತ್ರಸ್ತನಿಗೆ ಇದರಿಂದ ನ್ಯಾಯ ಸಿಗುತ್ತದೆ, ಮಾಲೀಕನ ಹೊರೆ ಇಳಿಯುವುದಿಲ್ಲ. ಹೈಸ್ಕೂಲು ಹುಡುಗನ ಕೈಗೆ ಗಾಡಿಯ ಕೀ ಕೊಡುವ ಪೋಷಕರು ಇದನ್ನು ತಿಳಿದಿರಬೇಕು. 199-ಎ ಕಲಮಿನಂತೆ ಅವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗಿನ ಸೆರೆವಾಸವೂ ಉಂಟು. ಕುಡಿದು ಓಡಿಸಿದವರಿಗೆ ಸ್ವಂತ ಹಾನಿಯೂ ವೈಯಕ್ತಿಕ ಅಪಘಾತದ ಮೊತ್ತವೂ ಸಿಗುವುದಿಲ್ಲ.

ಖಾಸಗಿ ಬಳಕೆಯ ಪಾಲಿಸಿ ಬಾಡಿಗೆ ಓಡಾಟಕ್ಕೆ, ಮಾರಾಟದ ಸರಕಿನ ಸಾಗಣೆಗೆ, ರೇಸಿಗೆ ಅನ್ವಯಿಸದು. ಊಟ, ದಿನಸಿ ತಲುಪಿಸುವ ಸಾವಿರಾರು ಯುವಕರು ಈ ಗೆರೆಯ ಮೇಲೆಯೇ ದಿನವಿಡೀ ಓಡಾಡುತ್ತಾರೆ. ತಮ್ಮ ಬಳಕೆಯನ್ನು ಕಂಪನಿಗೆ ತಿಳಿಸಿ ಅದಕ್ಕೆ ಒಪ್ಪುವ ಪಾಲಿಸಿ ಪಡೆಯುವುದು ಅವರಿಗೆ ಅಗತ್ಯ. ಕರ್ನಾಟಕ ಸರ್ಕಾರ 2023ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಲಾ 2 ಲಕ್ಷದ ಜೀವ ವಿಮೆ ಮತ್ತು ಅಪಘಾತ ವಿಮೆಯನ್ನು ಪ್ರಕಟಿಸಿತು. ಬೈಕಿನಲ್ಲಿ ನೇಪಾಳ, ಭೂತಾನ್‌ಗಳಿಗೆ ಹೋಗುವವರು ಹೊರಡುವ ಮೊದಲೇ ಪ್ರೀಮಿಯಂ ಕಟ್ಟಿ ಪಾಲಿಸಿಯ ಭೌಗೋಳಿಕ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳಬೇಕು.

ಹಳೆಯ ಗಾಡಿಯ ಕೈಬದಲಿನಲ್ಲೂ ರಕ್ಷಣೆ ಜಾರುತ್ತದೆ. ಗಾಡಿ ಮಾರಿದಾಗ ಮೂರನೇ ವ್ಯಕ್ತಿಯ ವಿಮೆ ಅದನ್ನು ಕೊಂಡವನಿಗೆ ತಾನಾಗಿ ದಾಟುತ್ತದೆ. ಸ್ವಂತ ಹಾನಿಯ ಭಾಗ ದಾಟುವುದಿಲ್ಲ, 14 ದಿನಗಳೊಳಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಮಾರಿದವನಿಗೂ ಅಪಾಯವಿದೆ. ಆರ್‌ಸಿಯಲ್ಲಿ ಹೆಸರು ಇರುವವರೆಗೂ ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಬರೀ ಸಹಿ ಹಾಕಿದ ಫಾರಂ ಕೊಟ್ಟು ಗಾಡಿ ಬಿಟ್ಟುಕೊಡುವವರು ಈ ತೀರ್ಪನ್ನು ನೆನಪಿಡಬೇಕು.

ಕ್ಲೇಮು ಮತ್ತು ದೂರು

ಅಪಘಾತವಾದರೆ ಮೊದಲು ಗಾಯಾಳುವಿನ ಆರೈಕೆ, ನಂತರ ಪೊಲೀಸರಿಗೆ ಮತ್ತು ವಿಮಾ ಕಂಪನಿಗೆ ತಿಳಿಸುವುದು. ಸರ್ವೇಯರ್ ನೋಡುವ ಮೊದಲು ಗಾಡಿಯನ್ನು ಬಿಚ್ಚಿಸಬಾರದು. ಆರ್‌ಸಿ, ಡಿಎಲ್, ಪಾಲಿಸಿ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇದ್ದರೂ ಸಿಂಧು. ಕಳವಾದರೆ ಕೂಡಲೇ ಎಫ್‌ಐಆರ್ ದಾಖಲಿಸಬೇಕು. ಕಂಪನಿ ಸಾಮಾನ್ಯವಾಗಿ ಎರಡೂ ಕೀಗಳನ್ನು ಕೇಳುತ್ತದೆ. ಪೊಲೀಸರಿಗೆ ತಡವಿಲ್ಲದೆ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗ, ಬಳಿಕ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣ. ಅಲ್ಲಿಂದ ಮುಂದೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನಲ್ಲಿದೆ. ಕಂಪನಿಯ ಉತ್ತರ ಬಂದ 1 ವರ್ಷದೊಳಗೆ, ವಕೀಲರಿಲ್ಲದೆ, ಶುಲ್ಕವಿಲ್ಲದೆ, 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅಲ್ಲಿ ಹೇಳಿಕೊಳ್ಳಬಹುದು. ಗ್ರಾಹಕ ಆಯೋಗಗಳ ದಾರಿಯೂ ತೆರೆದಿದೆ.

ಎಷ್ಟು ವಿಮೆ ಸಾಕು

ಸಾಕಷ್ಟು ವಿಮೆ ಎಂಬುದು ಗಾಡಿಯ ಬೆಲೆಯಿಂದ ನಿರ್ಧಾರವಾಗುವುದಿಲ್ಲ. ಲಕ್ಷ ರೂಪಾಯಿಯ ಬೈಕು ಕಳುವಾದರೆ ಸಂಸಾರ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ದುಡಿಯುವ ಕೈಯೇ ಹೋದರೆ ಒಂದು ತಲೆಮಾರು ಬಡವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 25,000 ರೂಪಾಯಿ ದುಡಿಯುವವನ ಜೀವಕ್ಕೆ ನ್ಯಾಯಾಲಯದ ಸೂತ್ರವೇ 47 ಲಕ್ಷದ ಆಚೆಯ ಬೆಲೆ ಕಟ್ಟಿತು. ಅದೇ ಮನುಷ್ಯ ತನ್ನಷ್ಟಕ್ಕೆ ಜಾರಿ ಬಿದ್ದು ಸತ್ತರೆ ಬೈಕಿನ ಪಾಲಿಸಿಯಿಂದ ಮನೆಗೆ ಬರುವುದು 15 ಲಕ್ಷ. ಉಳಿದ 32 ಲಕ್ಷದ ಕೊರತೆಯನ್ನು ಅವಧಿ ಜೀವ ವಿಮೆ ಮತ್ತು ಪ್ರತ್ಯೇಕ ಅಪಘಾತ ವಿಮೆಗಳಿಂದ ತುಂಬಿಕೊಳ್ಳಬೇಕು. ಅವಧಿ ವಿಮೆ ಸಾವಿಗೆ ಮಾತ್ರ. ಬದುಕಿ ಉಳಿದರೂ ದುಡಿಯಲಾಗದ ಸ್ಥಿತಿಗೆ ಒದಗುವುದು ಅಪಘಾತ ವಿಮೆ. ಸವಾರರಿಗೆ ಎರಡರ ಅಗತ್ಯವೂ ಇದೆ.

ಹಣ ಕಡಿಮೆಯಿದ್ದಾಗ ಆಯ್ಕೆಯ ಕ್ರಮ ಹೀಗಿರಬಹುದು. ಮೊದಲು ಎಂದೂ ತಪ್ಪದ ಮೂರನೇ ವ್ಯಕ್ತಿಯ ವಿಮೆ. ನಂತರ 15 ಲಕ್ಷದ ಮಾಲೀಕ-ಸವಾರ ವಿಮೆ, ಮನೆಯ ಇತರ ಸವಾರರಿಗೆ ಅವರವರ ಹೆಸರಿನ ಅಪಘಾತ ವಿಮೆ. ಅದರ ಜೊತೆಗೇ ಆರೋಗ್ಯ ವಿಮೆ. ಆಮೇಲೆ ಹಿಂದೆ ಕೂರುವವರನ್ನೂ ಒಳಗೊಳ್ಳುವ ಪ್ಯಾಕೇಜ್ ಪಾಲಿಸಿ, ಕೊನೆಗೆ ಆಡ್-ಆನ್‌ಗಳು. ಷೋರೂಮಿನಲ್ಲಿ ಮಾತು ಶುರುವಾಗುವುದು ಬಹುಮಟ್ಟಿಗೆ ಆಡ್-ಆನ್‌ಗಳಿಂದ, ಅಂದರೆ ಈ ಪಟ್ಟಿಯ ತುದಿಯಿಂದ.

ಪಾಲಿಸಿಯ ಮೊದಲ ಪುಟದಲ್ಲಿ ನಾಲ್ಕು ಸಂಗತಿಗಳನ್ನು ನೋಡಿಕೊಂಡರೆ ಬಹುತೇಕ ತೊಂದರೆಗಳು ತಪ್ಪುತ್ತವೆ: ಸ್ವಂತ ಹಾನಿಯ ವಿಮೆ ಮುಗಿಯುವ ದಿನ, ಮೂರನೇ ವ್ಯಕ್ತಿಯ ವಿಮೆ ಮುಗಿಯುವ ದಿನ, ಮಾಲೀಕ-ಸವಾರನ ಅಪಘಾತ ವಿಮೆಗೆ ಪ್ರೀಮಿಯಂ ಕಟ್ಟಿದೆಯೇ ಎಂಬುದು, ನಾಮಿನಿಯ ಹೆಸರು. ನಾಮಿನಿಯ ಜಾಗ ಖಾಲಿಯಿದ್ದರೆ ಇಂದೇ ಬರೆಸಬೇಕು. ಆ ಹಾಳೆ ಎಲ್ಲಿದೆ ಎಂಬುದು ನಾಮಿನಿಗೂ ತಿಳಿದಿರಬೇಕು. ಸವಾರ ಮನೆಗೆ ಮರಳದ ದಿನ ಅದನ್ನು ಹುಡುಕಬೇಕಾದವರು ಅವರೇ.